ಇಟಲಿಯ ಹಳೆಯ ಪೈಪು: ಕೈಯಲ್ಲಿರಲಿ, ತುಟಿಗೆ ಬೇಡ

ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳನ್ನು ಕುರಿತ ಲೇಖನಗಳ ನೆರೆಯಲ್ಲಿ ತಂಬಾಕಿನ ಪೈಪಿನ ಮಾತು ಬರುವುದು ಉಚಿತವೇ ಎಂದು ವಾಚಕರು ಹುಬ್ಬೇರಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಹವ್ಯಾಸಕ್ಕೂ ಆರೋಗ್ಯಕ್ಕೂ ಇರುವ ನಂಟು ಮುಂಜಾನೆಯ ನಡಿಗೆಗೆ ಮಾತ್ರ ಸೀಮಿತವಾದುದಲ್ಲ. ಊರು ಬಿಟ್ಟು ಮಹಾನಗರವನ್ನು ಸೇರಿ, ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದು, ಮನೆಯ ಸಾಲದ ಕೊನೆಯ ಕಂತನ್ನು ಕಟ್ಟಿದ ಗೃಹಸ್ಥನಿಗೆ ಏನನ್ನಾದರೂ ಕೂಡಿಡಬೇಕೆಂಬ ಹಂಬಲ ಹುಟ್ಟುವುದು ಸಹಜ. ಕೆಲವರಿಗೆ ಅಂಚೆಚೀಟಿ, ಕೆಲವರಿಗೆ ಹಳೆಯ ನಾಣ್ಯ, ಕೆಲವರಿಗೆ ಕೀಲಿ ಕೊಡುವ ಗಡಿಯಾರ. ಕುಳಿತಲ್ಲಿಂದಲೇ ಪರದೇಶದ ವಸ್ತುಗಳನ್ನು ತರಿಸಿಕೊಳ್ಳುವ ಅನುಕೂಲ ಒದಗಿದ ಮೇಲೆ ಇಟಲಿಯ ಹಳೆಯ ಪೈಪುಗಳೂ ಇಂಥ ಸಂಗ್ರಾಹಕರ ಕೈಗೆಟುಕುವಂತಾಗಿವೆ. ಆ ಪೈಪನ್ನು ಕೊಂಡು ತಂದವನ ಮುಂದೆ ಒಂದಲ್ಲ ಒಂದು ಸಂಜೆ ಒಂದೇ ಪ್ರಶ್ನೆ ಬಂದು ನಿಲ್ಲುತ್ತದೆ: ಇದನ್ನು ಹೊತ್ತಿಸಬೇಕೇ, ಬೇಡವೇ? ಹೊತ್ತಿಸಕೂಡದೆಂಬುದೇ ಈ ಲೇಖನದ ವಾದ. ಹಾಗೆಂದು ಪೈಪನ್ನು ಜರೆಯುವುದು ಇದರ ಉದ್ದೇಶವಲ್ಲ. ಪ್ರೀತಿಗೆ ಅರ್ಹವಾದ ವಸ್ತು ಅದು. ಏಕೆಂಬುದನ್ನು ಮೊದಲು ನೋಡಬೇಕು.

ಪೈಪಿನ ಜೀವ ಅದರ ಮರದಲ್ಲಿದೆ. ಬ್ರಯರ್ ಎಂದು ಕರೆಯಲಾಗುವ ಈ ಮರ ವಾಸ್ತವವಾಗಿ ಮರವೂ ಅಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣಗುಡ್ಡಗಳಲ್ಲಿ ಬೆಳೆಯುವ, ಸಸ್ಯಶಾಸ್ತ್ರಜ್ಞರು ಎರಿಕಾ ಆರ್ಬೋರಿಯಾ ಎಂದು ಹೆಸರಿಸಿರುವ ಒಂದು ದೊಡ್ಡ ಪೊದೆ. ಇಟಲಿಯಲ್ಲಿ ಕಲಾಬ್ರಿಯಾ, ಟಸ್ಕನಿ, ಲಿಗೂರಿಯಾ, ಸಾರ್ಡಿನಿಯಾ ಪ್ರಾಂತಗಳು ಇದಕ್ಕೆ ಪ್ರಸಿದ್ಧ. ಬೇರು ಮತ್ತು ಕಾಂಡ ಸೇರುವೆಡೆಯಲ್ಲಿ, ಮಣ್ಣಿನೊಳಗೆ, ಈ ಗಿಡಕ್ಕೊಂದು ಗಂಟು ಬೆಳೆಯುತ್ತದೆ. ಕಾಡುಗಿಚ್ಚು ಬಂದು ಮೇಲಿನ ಕೊಂಬೆಗಳೆಲ್ಲ ಬೂದಿಯಾದರೂ ಈ ಗಂಟಿನಲ್ಲಿ ಅಡಗಿದ ಸತ್ವದಿಂದ ಗಿಡ ಪುನಃ ಚಿಗುರುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಗಿಡದ ಮೀಸಲು ನಿಧಿ. ಬೆಂಕಿಯನ್ನು ತಾಳಿಕೊಳ್ಳುವ ಈ ಗಂಟಿನಲ್ಲಿಯೇ ಮನುಷ್ಯ ಬೆಂಕಿಯಿಡುವ ಬಟ್ಟಲನ್ನು ಕೊರೆದದ್ದು ಒಂದು ವಿಚಿತ್ರವಾದ ಹೊಂದಾಣಿಕೆ.

ಗಂಟು ಪೈಪಿಗೆ ತಕ್ಕಷ್ಟು ದೊಡ್ಡದಾಗಲು ದಶಕಗಳೇ ಹಿಡಿಯುತ್ತವೆ. ಅಗೆದು ತೆಗೆದ ಮೇಲೆ ಬಿರುಕು ಬಿಡದಂತೆ ಅದನ್ನು ತೇವದಲ್ಲಿಡಬೇಕು. ಅನಂತರ ತುಂಡುಗಳಾಗಿ ಕೊಯ್ದು, ಅದರ ಒಗರು ಹೋಗುವವರೆಗೆ ಗಂಟೆಗಟ್ಟಲೆ ನೀರಿನಲ್ಲಿ ಕುದಿಸಬೇಕು. ಬಳಿಕ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ನೆರಳಿನಲ್ಲಿ ಒಣಗಿಸಬೇಕು. ಇಷ್ಟಾದ ಮೇಲೂ ಕುಶಲಕರ್ಮಿಗೆ ಯಾವ ಭರವಸೆಯೂ ಇಲ್ಲ. ಗಂಟು ಬೆಳೆಯುವಾಗ ನುಂಗಿಕೊಂಡ ಮರಳಿನ ಕಣವೋ ಸಣ್ಣ ಕುಳಿಯೋ ಒಳಗೆಲ್ಲೋ ಅವಿತಿದ್ದು, ಮುಕ್ಕಾಲು ಕೆಲಸ ಮುಗಿದ ಹೊತ್ತಿಗೆ ಬಾಯ್ತೆರೆದು ನಗುತ್ತದೆ. ಅಗ್ಗದ ಪೈಪುಗಳಲ್ಲಿ ಇಂಥ ಕುಳಿಗಳನ್ನು ಪುಟ್ಟಿಯಿಂದ ತುಂಬಿ ಬಣ್ಣ ಬಳಿಯುತ್ತಾರೆ. ಮರ್ಯಾದಸ್ಥ ಕಾರ್ಖಾನೆಗಳಲ್ಲಿ ಮೇಲ್ಮೈಯನ್ನು ಒರಟಾಗಿ ಕೆತ್ತಿ ದೋಷವನ್ನೇ ಅಲಂಕಾರವಾಗಿ ಮಾರ್ಪಡಿಸುತ್ತಾರೆ. ಯಾವ ಕಲೆಯೂ ಇಲ್ಲದೆ, ನೇರಗೆರೆಗಳು ಬಟ್ಟಲಿನ ಬುಡದಿಂದ ಬಾಯಿಯವರೆಗೆ ಜ್ವಾಲೆಯಂತೆ ಏರಿದ ನುಣುಪಾದ ಪೈಪು ದೊರೆಯುವುದು ವಿರಳ. ಅದರ ಬೆಲೆ ಹೆಚ್ಚಾಗಿರುವುದು ಈ ಕಾರಣದಿಂದಲೇ ಹೊರತು ಅದರಲ್ಲಿ ಸೇದಿದ ಹೊಗೆ ಹೆಚ್ಚು ರುಚಿ ಎಂಬ ಕಾರಣದಿಂದಲ್ಲ.

ಇಂಥ ಮರವನ್ನು ಹೊಂದಿದ ದೇಶ ಬಹುಕಾಲ ಕೇವಲ ಮರ ಮಾರುವ ದೇಶವಾಗಿಯೇ ಉಳಿದದ್ದು ಇತಿಹಾಸದ ಒಂದು ವ್ಯಂಗ್ಯ. ಅದುವರೆಗೆ ಯೂರೋಪಿನ ಜನ ಜೇಡಿಮಣ್ಣಿನ ಪೈಪುಗಳನ್ನೂ, ಹಣವುಳ್ಳವರು ಮೀರ್‌ಶಾಂ ಎಂಬ ಬಿಳಿಯ ಮೃದುಶಿಲೆಯ ಪೈಪುಗಳನ್ನೂ ಬಳಸುತ್ತಿದ್ದರು. 1850ರ ದಶಕದಲ್ಲಿ ಫ್ರಾನ್ಸಿನ ಜೂರಾ ಬೆಟ್ಟಗಳ ಸೇಂಟ್‌ಕ್ಲೋಡ್ ಊರಿನ ಮರಗೆಲಸದವರು ಬ್ರಯರಿನ ಪೈಪನ್ನು ಉದ್ಯಮವನ್ನಾಗಿ ಬೆಳೆಸಿದರು. ಅನಂತರ ಲಂಡನ್ನಿನ ಡನ್‌ಹಿಲ್ ಮೊದಲಾದ ಸಂಸ್ಥೆಗಳು ಅದಕ್ಕೆ ಪ್ರತಿಷ್ಠೆಯ ಮುದ್ರೆಯೊತ್ತಿದವು. ಇಟಲಿಯ ಬೇರುಗಂಟುಗಳು ಮೂಟೆಗಳಲ್ಲಿ ಹೊರದೇಶಕ್ಕೆ ಹೋಗಿ, ಇಂಗ್ಲಿಷ್ ಅಥವಾ ಫ್ರೆಂಚ್ ಹೆಸರು ಹೊತ್ತು ಹೊಳೆಯುವ ಪೈಪುಗಳಾಗಿ ಹಿಂತಿರುಗುತ್ತಿದ್ದವು. ಹತ್ತಿಯನ್ನು ಕಳುಹಿಸಿ ಮ್ಯಾಂಚೆಸ್ಟರಿನ ಬಟ್ಟೆಯನ್ನು ಕೊಂಡ ನಾಡಿನವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕೀಲೆ ಸಾವಿನೆಲ್ಲಿ 1876ರಲ್ಲಿ ಮಿಲಾನ್ ನಗರದಲ್ಲಿ ತೆರೆದದ್ದು ಒಂದು ಅಂಗಡಿಯನ್ನು, ಕಾರ್ಖಾನೆಯನ್ನಲ್ಲ. ಹತ್ತು ವರ್ಷಗಳ ತರುವಾಯ, 1886ರಲ್ಲಿ, ವರೇಸೆ ಪ್ರಾಂತದ ಬರಾಸ್ಸೋ ಬಳಿ ರೊಸ್ಸಿ ಎಂಬ ದೊಡ್ಡ ಕಾರ್ಖಾನೆ ಹುಟ್ಟಿಕೊಂಡು ಇಟಲಿಯಲ್ಲಿ ಪೈಪಿನ ಕೈಗಾರಿಕೆ ಬೇರೂರಿತಾದರೂ, ಇಟಲಿಯ ಪೈಪಿಗೆ ತನ್ನದೇ ಆದ ಮುಖಚಹರೆ ಬಂದದ್ದು ಎರಡನೆಯ ಮಹಾಯುದ್ಧದ ನಂತರವೇ. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶದಲ್ಲಿ, 1947ರಲ್ಲಿ, ಕಾರ್ಲೋ ಸ್ಕೊತ್ತಿ ಎಂಬವರು ಮಿಲಾನಿನ ಉತ್ತರಕ್ಕಿರುವ ಕಾಂತೂ ಊರಿನಲ್ಲಿ ಕಾಸ್ಟೆಲ್ಲೋ ಎಂಬ ಕಮ್ಮಟವನ್ನು ಆರಂಭಿಸಿದರು. ಮರುವರ್ಷವೇ ಅಂಗಡಿಯ ಸ್ಥಾಪಕನ ಮೊಮ್ಮಗ, ಅದೇ ಹೆಸರಿನ ಅಕೀಲೆ ಸಾವಿನೆಲ್ಲಿ, ಸ್ವಂತ ಕಾರ್ಖಾನೆಯನ್ನು ತೆರೆದರು. ಎರಡರ ದಾರಿ ಬೇರೆ. ಸಾವಿನೆಲ್ಲಿ ಒಳ್ಳೆಯ ಪೈಪನ್ನು ಹೆಚ್ಚು ಸಂಖ್ಯೆಯಲ್ಲಿ, ಸಂಬಳದಾರನಿಗೂ ಎಟುಕುವ ಬೆಲೆಯಲ್ಲಿ ತಯಾರಿಸುವುದನ್ನು ಸಾಧಿಸಿದರೆ, ಸ್ಕೊತ್ತಿಯವರು ಕೆಲವೇ ಕೈಗಳಿಂದ ಕೆಲವೇ ಪೈಪುಗಳನ್ನು ಮಾಡಿಸಿದರು. ಇಂಗ್ಲೆಂಡಿನ ಶಾಸ್ತ್ರೀಯ ಆಕಾರಗಳನ್ನು ಕಣ್ಣುಮುಚ್ಚಿ ಅನುಕರಿಸದೆ, ಮರದ ಎಳೆ ಕರೆದೆಡೆಗೆ ಕೈ ಹೋಗಲೆಂಬ ಸ್ವಾತಂತ್ರ್ಯವನ್ನು ಅವರು ತಮ್ಮ ಕೆಲಸಗಾರರಿಗೆ ಕೊಟ್ಟರೆಂಬುದು ಹಳೆಯ ಕಾಸ್ಟೆಲ್ಲೋ ಪೈಪನ್ನು ಕೈಯಲ್ಲಿ ಹಿಡಿದವರಿಗೆ ತಾನಾಗಿ ತಿಳಿಯುತ್ತದೆ. ಕಾಂತೂ ಪೀಠೋಪಕರಣಗಳಿಗೂ ಕಸೂತಿಜಾಲರಿಗೂ ಹೆಸರಾದ ಊರು ಎಂಬುದನ್ನು ನೆನೆದರೆ ಈ ಕೈಚಳಕಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಅದೇ ಕಮ್ಮಟದಲ್ಲಿ ಪಳಗಿದ ಜುಸೆಪ್ಪೆ ಅಸ್ಕೊರ್ತಿ ಮತ್ತು ಲುಯಿಜಿ ರಾದಿಚೆ 1968ರಲ್ಲಿ ನೆರೆಯ ಕುಚ್ಚಾಗೋ ಗ್ರಾಮದಲ್ಲಿ ಕಮಿನೆತ್ತೋ ಎಂಬ ಹೆಸರಿನಲ್ಲಿ ಪೈಪು ತಯಾರಿಸತೊಡಗಿದರು. ಮೀಸೆಯ ಚಿತ್ರವೇ ಅದರ ಗುರುತು. ಹತ್ತು ಹನ್ನೆರಡು ವರ್ಷಗಳಲ್ಲೇ ಜೊತೆ ಮುರಿದು ಇಬ್ಬರೂ ಬೇರೆಬೇರೆ ಹೆಸರಿನಲ್ಲಿ ಕೆಲಸ ಮುಂದುವರಿಸಿದರು. ಈ ಅಲ್ಪಾಯುಷ್ಯವೇ ಮೊದಲ ಅವಧಿಯ ಕಮಿನೆತ್ತೋ ಪೈಪುಗಳನ್ನು ಸಂಗ್ರಾಹಕರ ಕಣ್ಣಿಗೆ ಅಮೂಲ್ಯವಾಗಿಸಿದೆ. ಇತ್ತ ಏಡ್ರಿಯಾಟಿಕ್ ಕರಾವಳಿಯ, ಸಂಗೀತಗಾರ ರೊಸ್ಸೀನಿ ಹುಟ್ಟಿದ ಪೇಸರೋ ನಗರದಲ್ಲಿ ಇನ್ನೊಂದು ಪಂಥವೇ ಬೆಳೆಯಿತು. ಜಾಂಕಾರ್ಲೋ ಗುಯಿದಿ 1972ರಲ್ಲಿ ಮಾಸ್ತ್ರೋ ದೆ ಪಾಯಾ ಸಂಸ್ಥೆಯನ್ನೂ, 1982ರಲ್ಲಿ ಸೆರ್ ಯಾಕೊಪೊ ಸಂಸ್ಥೆಯನ್ನೂ ಕಟ್ಟಿದರು. ವಾನ್ ಗಾಗ್, ಪಿಕಾಸೊ, ಮಾಗ್ರಿತ್ ಮೊದಲಾದವರ ಚಿತ್ರಗಳಲ್ಲಿ ಕಾಣುವ ಪೈಪುಗಳನ್ನೇ ಮರದಲ್ಲಿ ಕಡೆದು ತೆಗೆದ ಸೆರ್ ಯಾಕೊಪೊದ ಮಾಲಿಕೆ ಹೆಸರುವಾಸಿಯಾದುದು. ಬೆಲ್ಜಿಯಂ ದೇಶದ ಮಾಗ್ರಿತ್ 1929ರಲ್ಲಿ ಒಂದು ಪೈಪಿನ ಚಿತ್ರವನ್ನು ಬರೆದು, ಅದು ಪೈಪಲ್ಲವೆಂದು ಅದರ ಕೆಳಗೇ ಒಕ್ಕಣೆ ಹಾಕಿದ್ದನು. ಆ ಪೈಪಲ್ಲದ ಪೈಪನ್ನು ಮತ್ತೆ ಪೈಪಾಗಿ ಮಾಡಿದ ಗುಯಿದಿಯವರ ವಿನೋದಪ್ರಜ್ಞೆಗೆ ತಲೆದೂಗಲೇಬೇಕು.

ಇಟಲಿಯ ಸಾರ್ವಜನಿಕ ಜೀವನದಲ್ಲಿ ಪೈಪಿಗೆ ದೊರೆತ ಗೌರವವೂ ಅಷ್ಟೇ ಕುತೂಹಲಕರ. ಫ್ಯಾಸಿಸ್ಟರ ವಿರುದ್ಧ ಹೋರಾಡಿ ಸೆರೆವಾಸ ಕಂಡು, 1978ರಿಂದ 1985ರವರೆಗೆ ರಾಷ್ಟ್ರಾಧ್ಯಕ್ಷರಾಗಿದ್ದ ಸಾಂದ್ರೋ ಪೆರ್ತಿನಿ ಪೈಪಿನ ಪ್ರೇಮಿಯೂ ಸಂಗ್ರಾಹಕರೂ ಆಗಿದ್ದರು. 1982ರಲ್ಲಿ ಇಟಲಿ ವಿಶ್ವ ಫುಟ್‌ಬಾಲ್ ಕಪ್ಪನ್ನು ಗೆದ್ದಾಗ, ಮ್ಯಾಡ್ರಿಡ್‌ನಿಂದ ಮರಳುವ ವಿಮಾನದಲ್ಲಿ ಅವರು ತಂಡದವರೊಡನೆ ಇಸ್ಪೀಟು ಆಡಿದ ಛಾಯಾಚಿತ್ರ ಜಗತ್ಪ್ರಸಿದ್ಧವಾಯಿತು. ಅದೇ ಮೇಜಿನ ಇನ್ನೊಂದು ಬದಿಯಲ್ಲಿದ್ದ ತರಬೇತುದಾರ ಎಂಜೋ ಬೆಯರ್‌ಜೋತ್ ಸಹ ಪೈಪಿನವರೇ. ಕಾರ್ಮಿಕ ನಾಯಕ ಲುಚಾನೋ ಲಾಮಾ ಅವರನ್ನಂತೂ ವ್ಯಂಗ್ಯಚಿತ್ರಕಾರರು ಪೈಪಿಲ್ಲದೆ ಬರೆಯಲಾರದ ಸ್ಥಿತಿಯಿತ್ತು. ರಾಷ್ಟ್ರಾಧ್ಯಕ್ಷನಿಂದ ಕಾರ್ಮಿಕ ಮುಖಂಡನವರೆಗೆ ಎಲ್ಲರ ಕೈಯಲ್ಲಿಯೂ ಅದು ಸಮಾಧಾನದ, ವಿವೇಕದ ಚಿಹ್ನೆಯಾಗಿತ್ತು. ತೊಡಕಿರುವುದು ಇಲ್ಲಿಯೇ. ಸಿಗರೇಟು ಸೇದುವವನು ಆತುರಗಾರ, ಪೈಪು ಸೇದುವವನು ಚಿಂತನಶೀಲ ಎಂಬ ಭಾವನೆಯನ್ನು ಪತ್ರಿಕೆಗಳೂ ಚಲನಚಿತ್ರಗಳೂ ಬೆಳೆಸಿದವು. ಹಿಂದಿ ಚಿತ್ರಗಳ ಶ್ರೀಮಂತ ತಂದೆಗೂ ಕಛೇರಿಯ ದೊಡ್ಡ ಸಾಹೇಬನಿಗೂ ಪೈಪು ಅಂಟಿಕೊಂಡದ್ದು ಈ ಭಾವನೆಯಿಂದಲೇ. ಸಭ್ಯತೆಯ ವೇಷ ಧರಿಸಿದ ಚಟವನ್ನು ಗುರುತಿಸುವುದು ಬೀಡಿಯನ್ನು ಗುರುತಿಸಿದಷ್ಟು ಸುಲಭವಲ್ಲ.

ಹೊಗೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲವಾದ್ದರಿಂದ ಪೈಪು ನಿರಪಾಯಕಾರಿ ಎಂಬುದು ಸಾಮಾನ್ಯ ವಾದ. ಈ ವಾದಕ್ಕೆ ಒಂದು ಕಾಲದಲ್ಲಿ ಆಧಾರವೂ ಇದ್ದಂತೆ ತೋರಿತು. ಅಮೆರಿಕದ ಸರ್ಜನ್ ಜನರಲ್ 1964ರಲ್ಲಿ ಹೊರಡಿಸಿದ ಸುಪ್ರಸಿದ್ಧ ವರದಿ ಸಿಗರೇಟನ್ನು ಕಟುವಾಗಿ ಖಂಡಿಸಿತಾದರೂ, ಪೈಪು ಸೇದುವವರ ಮರಣ ಪ್ರಮಾಣ ಸೇದದವರಿಗಿಂತ ಅಷ್ಟೇನೂ ಹೆಚ್ಚಿಲ್ಲವೆಂದಿತು. ಪೈಪಿನವರು ಈ ಸಾಲನ್ನು ನೆನಪಿಟ್ಟುಕೊಂಡರು. ಪೈಪಿಗೂ ತುಟಿಯ ಕ್ಯಾನ್ಸರಿಗೂ ಕಾರ್ಯಕಾರಣ ಸಂಬಂಧವಿದೆಯೆಂದು ಅದೇ ವರದಿ ಹೇಳಿದ್ದನ್ನು ಮರೆತರು. ಜರ್ಮನಿಯ ವೈದ್ಯ ಸೋಮರಿಂಗ್ 1795ರಷ್ಟು ಹಿಂದೆಯೇ ಈ ನಂಟನ್ನು ಗಮನಿಸಿದ್ದರು. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೀರ್ಘಾವಧಿಯ ಅಧ್ಯಯನ 1,38,000ಕ್ಕೂ ಹೆಚ್ಚು ಪುರುಷರನ್ನು ಕುರಿತದ್ದು; ಕೇವಲ ಪೈಪನ್ನು ಸೇದಿದವರಲ್ಲಿಯೂ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ತಂಬಾಕನ್ನೇ ಮುಟ್ಟದವರಿಗಿಂತ ಸುಮಾರು ಐದು ಪಟ್ಟು ಎಂದು ಅದು ಕಂಡುಕೊಂಡಿತು. ಗಂಟಲು, ಅನ್ನನಾಳಗಳ ಕ್ಯಾನ್ಸರ್, ಹೃದ್ರೋಗ, ಪಾರ್ಶ್ವವಾಯು ಇವೂ ಆ ಪಟ್ಟಿಯಲ್ಲಿದ್ದವು. ಹೊಗೆಯನ್ನು ಎಳೆದುಕೊಳ್ಳದಿದ್ದರೆ ನಿಕೋಟಿನ್ ಸೇರುವುದಿಲ್ಲವೆಂಬುದೂ ಭ್ರಮೆ. ಪೈಪಿನ ಹೊಗೆ ಸಿಗರೇಟಿನದಕ್ಕಿಂತ ಹೆಚ್ಚು ಕ್ಷಾರೀಯವಾಗಿರುವುದರಿಂದ ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕವೇ ರಕ್ತವನ್ನು ಸೇರುತ್ತದೆ. ಸಿಗರೇಟನ್ನು ಬಿಡಲೆಂದು ಪೈಪನ್ನು ಹಿಡಿದವರ ಪಾಡಂತೂ ಇನ್ನೂ ಕಷ್ಟ. ಎಳೆದುಕೊಳ್ಳುವ ಹಳೆಯ ರೂಢಿಯನ್ನು ಅವರು ಪೈಪಿನಲ್ಲಿಯೂ ಮುಂದುವರಿಸುತ್ತಾರೆ. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸುವ ಚಟದಿಂದ ಬಾಯಿಯ ಕ್ಯಾನ್ಸರಿಗೆ ಈಗಾಗಲೇ ಸಾಕಷ್ಟು ಬಲಿ ಕೊಟ್ಟಿರುವ ದೇಶದಲ್ಲಿ ಇದಕ್ಕೊಂದು ಇಟಾಲಿಯನ್ ಕೊಡುಗೆ ಬೇಕಾಗಿಲ್ಲ.

ತಂಬಾಕು ಇಟಲಿಯನ್ನು ಪ್ರವೇಶಿಸಿದ್ದು ಔಷಧಿಯ ಹೆಸರಿನಲ್ಲಿ. 1561ರ ಸುಮಾರಿಗೆ ಕಾರ್ಡಿನಲ್ ಸಾಂತಾಕ್ರೋಚೆ ಅದನ್ನು ಪೋರ್ಚುಗಲ್ಲಿನಿಂದ ರೋಮಿಗೆ ತಂದಾಗ ಜನ ಅದನ್ನು ಪವಿತ್ರ ಮೂಲಿಕೆಯೆಂದೇ ಸ್ವಾಗತಿಸಿದರು. ಇದಕ್ಕೆ ಪ್ರತಿಯಾಗಿ ಕನ್ನಡನಾಡಿಗೆ ಸಂಬಂಧಿಸಿದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಬಿಜಾಪುರಕ್ಕೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ ಎಂಬವನು ಅಲ್ಲಿ ತಂಬಾಕನ್ನು ಮೊದಲ ಬಾರಿಗೆ ಕಂಡು, ಸುಮಾರು 1604ರಲ್ಲಿ, ರತ್ನಖಚಿತವಾದ ಒಂದು ಪೈಪನ್ನು ಸಿದ್ಧಪಡಿಸಿ ಅಕ್ಬರ್ ಬಾದಶಹನಿಗೆ ಕಾಣಿಕೆಯಾಗಿ ಒಪ್ಪಿಸಿದನು. ಬಾದಶಹನು ಕುತೂಹಲದಿಂದ ಒಂದೆರಡು ಸಲ ಸೇದುವಷ್ಟರಲ್ಲಿ ಆಸ್ಥಾನದ ವೈದ್ಯನು ಅಡ್ಡಬಂದನು. ತಮ್ಮ ಶಾಸ್ತ್ರಗ್ರಂಥಗಳಲ್ಲಿ ಕಾಣದ ವಸ್ತುವನ್ನು ಪರೀಕ್ಷಿಸದೆ ದೊರೆಗೆ ಕೊಡುವುದು ಹೇಗೆಂಬುದು ಅವನ ಆಕ್ಷೇಪ. ಪೈಪಿನ ಕುಸುರಿಯನ್ನು ಮೆಚ್ಚಿದರೂ ಅಕ್ಬರನು ಸೇದುವ ರೂಢಿಗೆ ಬೀಳಲಿಲ್ಲ. ಅವನ ಮಗ ಜಹಾಂಗೀರನು 1617ರಲ್ಲಿ ತಂಬಾಕನ್ನು ನಿಷೇಧಿಸಿಯೇಬಿಟ್ಟನು. ನಿಷೇಧ ಎಷ್ಟರಮಟ್ಟಿಗೆ ಫಲಿಸಿತೆಂಬುದು ಎಲ್ಲರಿಗೂ ಗೊತ್ತಿರುವ ಕಥೆ.

ನುಡಿಸದ ವೀಣೆಯಂತೆ ಹೊತ್ತಿಸದ ಪೈಪೂ ಅಪೂರ್ಣ ಎಂದು ಕೆಲವು ಸಂಗ್ರಾಹಕರು ವಾದಿಸುತ್ತಾರೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಾಳಿ ಹಾಯುವ ರಂಧ್ರ ಬಟ್ಟಲಿನ ತಳವನ್ನು ಸರಿಯಾದ ನಡುವಿನಲ್ಲಿ ಕೂಡುವಂತೆ ಕೊರೆಯುವುದು ಕುಶಲಕರ್ಮಿಯ ನಿಜವಾದ ಪರೀಕ್ಷೆ; ಬಳಕೆಯಿಂದ ಬ್ರಯರಿಗೆ ಬರುವ ಜೇನಿನಂಥ ಕಡುಬಣ್ಣ ಕಪಾಟಿನಲ್ಲಿಟ್ಟ ಪೈಪಿಗೆ ಬರುವುದಿಲ್ಲ. ಆ ಬಣ್ಣದ ಆಸೆಯನ್ನು ಬಿಡಬೇಕಾದದ್ದು ನಷ್ಟವೇ. ಆದರೆ ರಂಧ್ರದ ನೇರವನ್ನು ಪೈಪು ಶುಚಿಗೊಳಿಸುವ ನಾರುಕಡ್ಡಿಯೊಂದನ್ನು ತೂರಿಸಿಯೇ ಅರಿಯಬಹುದು. ವೀಣೆ ನುಡಿಸಿದವನ ಬೆರಳು ಗಟ್ಟಿಯಾದೀತು, ನೆರೆಯವನ ಶ್ವಾಸಕೋಶ ಕೆಡುವುದಿಲ್ಲ. 2008ರ ಅಕ್ಟೋಬರ್ 2ರಿಂದ ಭಾರತದ ಸಾರ್ವಜನಿಕ ಸ್ಥಳಗಳಲ್ಲೆಲ್ಲ ಧೂಮಪಾನ ನಿಷಿದ್ಧವಾದ ಮೇಲೆ ಪೈಪು ಹೊತ್ತಿಸಲು ಉಳಿದಿರುವ ಜಾಗ ಮನೆಯೇ. ಎರಡು ಕೋಣೆಯ ಮನೆಯಲ್ಲಿ ಯಜಮಾನನ ಚಿಂತನಶೀಲತೆಯ ಹೊಗೆಯನ್ನು ಹೆಂಡತಿಯೂ ಮಕ್ಕಳೂ ಊರಿನಿಂದ ಬಂದ ವೃದ್ಧ ತಾಯಿಯೂ ಕುಡಿಯಬೇಕಾಗುತ್ತದೆ.

ಹಣಕಾಸಿನ ದೃಷ್ಟಿಯೂ ಇದನ್ನೇ ಸಮರ್ಥಿಸುತ್ತದೆ. ಪೈಪಿನ ಸಂಗ್ರಹ ಒಂದು ಬಂಡವಾಳವೆಂದು ಮಾರುವವರು ಆಸೆ ಹುಟ್ಟಿಸುವುದುಂಟು. ಬ್ಯಾಂಕು ಚಿನ್ನದ ಮೇಲೆ ಸಾಲ ಕೊಟ್ಟೀತು, ಬ್ರಯರಿನ ಮೇಲೆ ಕೊಡದು. ಬಡ್ಡಿಯಿಲ್ಲ, ಲಾಭಾಂಶವಿಲ್ಲ, ಗೊತ್ತುಪಡಿಸಿದ ಪೇಟೆ ಧಾರಣೆಯಿಲ್ಲ. ಕೊಳ್ಳುವಾಗ ಸಾಗಣೆ ವೆಚ್ಚ, ಸುಂಕಗಳು ಸೇರಿ ಏರಿದ ಬೆಲೆ ಮಾರುವಾಗ ಮರಳುವುದು ಅಪರೂಪ. ಆದುದರಿಂದ ಸಂತೋಷಕ್ಕಾಗಿ ಮೀಸಲಿಟ್ಟ ಹಣವನ್ನಷ್ಟೇ ಇದಕ್ಕೆ ಬಳಸುವುದು ಲೇಸು. ಇದ್ದುದರಲ್ಲಿ ಬೆಲೆ ಉಳಿಸಿಕೊಳ್ಳುವುದು ಎಂದೂ ಹೊತ್ತಿಸದ ಹಳೆಯ ಪೈಪು. ಸೇದಿದ ಪೈಪಿಗಿಂತ ಅದಕ್ಕೆ ಬೇಡಿಕೆ ಹೆಚ್ಚು. ಪ್ರತಿ ಸಲ ಕಡ್ಡಿ ಗೀರಿದಾಗಲೂ ಅಸಲಿನಿಂದ ಒಂದಿಷ್ಟನ್ನು ಹಿಂತೆಗೆದ ಲೆಕ್ಕವೇ.

ಕೊಳ್ಳುವವನು ಹೆಸರುಗಳಿಗೆ ಮೋಸಹೋಗಬಾರದು. ಕಾಸ್ಟೆಲ್ಲೋ ಪೈಪಿನ ಮೇಲೆ ‘ಓಲ್ಡ್ ಆಂಟಿಕ್ವಾರಿ’ ಎಂದಿದ್ದರೆ ಅದು ಪ್ರಾಚೀನವೆಂದು ಅರ್ಥವಲ್ಲ. ಅದು ಮೇಲ್ಮೈಯ ಒಂದು ಬಗೆಯ ಹೆಸರು, ಒರಟು ಕೆತ್ತನೆಯದಕ್ಕೆ ‘ಸೀ ರಾಕ್’ ಎಂದಿರುವ ಹಾಗೆ. ಅದೇ ಸಂಸ್ಥೆಯ ಪೈಪುಗಳ ಕೊಳವೆಯ ಮೇಲೆ ಬಿಳಿಯ ಪಟ್ಟಿ ಇರುತ್ತದೆ. ಅಮೆರಿಕಕ್ಕೆ ಹೋದವುಗಳಲ್ಲಿ ಅದರ ಬದಲು ಸಣ್ಣದೊಂದು ಹೊಳೆಯುವ ಹರಳು ಕಾಣುವುದುಂಟು. ಕಮಿನೆತ್ತೋ ಹೆಸರು ಮುಂದೆ ಅಸ್ಕೊರ್ತಿ ಮನೆತನದಲ್ಲಿ ಪುನರುಜ್ಜೀವನಗೊಂಡುದರಿಂದ ಮೀಸೆಯ ಗುರುತೊಂದನ್ನೇ ನಂಬಿ ಹಳೆಯದೆಂದು ತಿಳಿಯಲಾಗದು. ಇಬ್ಬರು ಸ್ಥಾಪಕರ ಹೆಸರಿನ ಮುದ್ರೆಯನ್ನು ಹುಡುಕಬೇಕು. ಸಾವಿನೆಲ್ಲಿ ಪೈಪುಗಳಲ್ಲಿ ಆಕಾರವನ್ನು ಸೂಚಿಸುವ ಮೂರಂಕಿಯ ಸಂಖ್ಯೆಯಿದ್ದು ಹೊಸಬರಿಗೆ ಅದರಿಂದ ಆರಂಭಿಸುವುದು ಸುಲಭ. ಉಜ್ಜಿ ಉಜ್ಜಿ ಮುದ್ರೆ ಸವೆದ ಪೈಪು ರುಜು ಅಳಿಸಿದ ಚೆಕ್ಕಿನಂತೆ.

ಹಿಂದಿನವರು ಸೇದಿಬಿಟ್ಟ ಪೈಪೇ ದೊರೆತರೆ ಅದನ್ನು ಶುಚಿಗೊಳಿಸದೆ ಮನೆಯ ಕಪಾಟಿಗೆ ಸೇರಿಸುವುದು ತರವಲ್ಲ. ಬಟ್ಟಲಿನೊಳಗಿನ ಇಂಗಾಲದ ಪದರವನ್ನು ನಿಧಾನವಾಗಿ ಕೆರೆದು, ಉಪ್ಪು ತುಂಬಿ, ಅದು ತೇವಗೊಳ್ಳುವಷ್ಟು ಶುದ್ಧ ಮದ್ಯಸಾರವನ್ನು ಹನಿಸಿ ಒಂದು ರಾತ್ರಿ ಬಿಟ್ಟರೆ ಹಳೆಯ ಜಿಡ್ಡೂ ವಾಸನೆಯೂ ಬಹುಮಟ್ಟಿಗೆ ಹೊರಬರುತ್ತವೆ. ಈ ಕೆಲಸವನ್ನು ಅಡುಗೆಮನೆಯಿಂದ ದೂರದಲ್ಲಿ, ದೀಪ ಒಲೆಗಳಿಲ್ಲದೆಡೆ ಮಾಡಬೇಕು. ಆ ಉಪ್ಪನ್ನು ಮಕ್ಕಳ ಕೈಗೆ ಸಿಗದಂತೆ ಎಸೆಯಬೇಕು. ಎಬೊನೈಟ್ ಎಂಬ ಗಂಧಕ ಬೆರೆತ ರಬ್ಬರಿನ ಕೊಳವೆಯಾದರೆ ಬೆಳಕಿಗೆ ಬಿದ್ದು ಹಸಿರುಗಂದು ಬಣ್ಣಕ್ಕೆ ತಿರುಗಿರುತ್ತದೆ. ಕಾಸ್ಟೆಲ್ಲೋ ಅಕ್ರಿಲಿಕ್ ಕೊಳವೆಗಳನ್ನು ಬಳಸಿದುದರಿಂದ ಅದರ ಹಳೆಯ ಪೈಪುಗಳಿಗೆ ಈ ತೊಂದರೆಯಿಲ್ಲ. ಮುಂಬಯಿ, ಚೆನ್ನೈಗಳಂಥ ಕಡಲತಡಿಯ ಊರುಗಳಲ್ಲಿ ಮಳೆಗಾಲದ ಬೂಷ್ಟು ಇನ್ನೊಂದು ಶತ್ರು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದಕ್ಕಿಂತ ಗಾಳಿಯಾಡುವ ಹತ್ತಿ ಬಟ್ಟೆಯ ಚೀಲ ಮೇಲು.

ಇಂಥ ಸಂಗ್ರಹಗಳು ನಾಶವಾಗುವುದು ಬಹುಮಟ್ಟಿಗೆ ಸಂಗ್ರಾಹಕನ ಕಾಲಾನಂತರ. ವರೇಸೆ ಬಳಿಯ ಗವಿರಾತೆ ಊರಿನಲ್ಲಿ ಅಲ್ಬರ್ತೋ ಪಾರೊನೆಲ್ಲಿ ಕೂಡಿಸಿದ ಪೈಪುಗಳಿಗೆ ವಸ್ತುಸಂಗ್ರಹಾಲಯವೊಂದು ಒದಗಿತು; ಎಲ್ಲರಿಗೂ ಆ ಭಾಗ್ಯವಿಲ್ಲ. ಠೇವಣಿಗೆ ನಾಮನಿರ್ದೇಶನ ಮಾಡಲು ಮರೆಯದ ಮನುಷ್ಯ ಕಪಾಟಿನಲ್ಲಿರುವ ವಸ್ತುಗಳ ವಿಷಯದಲ್ಲಿ ಒಂದು ಚೀಟಿಯನ್ನೂ ಬರೆದಿಟ್ಟಿರುವುದಿಲ್ಲ. ಮನೆಯವರು ಅದನ್ನು ರದ್ದಿಯವನಿಗೆ ತೂಕಕ್ಕೆ ಹಾಕಿದರೆ ಅವರನ್ನು ದೂರಿ ಫಲವೇನು? ಎಂಟಾಣೆಯ ಶಾಲಾ ಪುಸ್ತಕದ ಕಾಲ ಹೋಯಿತಾದರೂ ಗೆರೆ ಹಾಕಿದ ಒಂದು ನೋಟುಪುಸ್ತಕ ಸಾಕು: ಪೈಪಿನ ಹೆಸರು, ಅದರ ಮೇಲಿನ ಮುದ್ರೆಗಳು, ಕೊಂಡ ದಿನಾಂಕ, ಕೊಟ್ಟ ಬೆಲೆ, ಮತ್ತು ಕೊನೆಯ ಅಂಕಣದಲ್ಲಿ ಅದನ್ನು ಎಂದಾದರೂ ಹೊತ್ತಿಸಲಾಗಿದೆಯೇ ಎಂಬುದು. ಮುಂದೆ ಕೊಳ್ಳಬರುವವನು ಮೊದಲು ಕೇಳುವುದು ಆ ಕೊನೆಯ ಅಂಕಣವನ್ನೇ.